ನಾವು ಗೆಲ್ಲದ ಐದು ಕಪ್‌ಗಳು

2023ರ ಜುಲೈ 4ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿದ್ದವರು ಈ ಸಭೆಯಲ್ಲೂ ಕೆಲವರಾದರೂ ಇದ್ದೀರಿ ಎಂದುಕೊಂಡಿದ್ದೇನೆ. ದಕ್ಷಿಣ ಏಷ್ಯಾದ ದೇಶಗಳ ಫುಟ್‌ಬಾಲ್ ಟೂರ್ನಿಯಾದ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಮತ್ತು ಅತಿಥಿಯಾಗಿ ಬಂದಿದ್ದ ಕುವೈತ್ ನಡುವಿನ ಫೈನಲ್ 1–1ರಲ್ಲಿ ನಿಂತು, ಹೆಚ್ಚುವರಿ ಅರ್ಧ ಗಂಟೆಯೂ ಕಳೆದು, ಪೆನಾಲ್ಟಿ ಶೂಟೌಟ್‌ಗೆ ಬಂದಾಗ ಗ್ಯಾಲರಿಯಲ್ಲಿ ಕುಳಿತೇ ಇದ್ದವರು ಯಾರೂ ಇರಲಿಲ್ಲ. ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಆಟ ನಮ್ಮಿಂದ ಸ್ವಲ್ಪ ದೂರದಲ್ಲೇ ನಡೆಯುತ್ತದೆ. ನಾನು ನಿಂತಿದ್ದ ಕಡೆಯಿಂದ ಚೆಂಡು ಸರಿಯಾಗಿ ಕಾಣುತ್ತಿರಲಿಲ್ಲ, ಗೋಲ್‌ಕೀಪರ್‌ನ ಚಲನೆಯಷ್ಟೇ ಕಾಣುತ್ತಿತ್ತು. ತಲಾ ಐದು ಒದೆತಗಳು ಮುಗಿದಾಗ ಎರಡೂ ತಂಡಗಳು ನಾಲ್ಕು ನಾಲ್ಕು ಗೋಲುಗಳಲ್ಲಿ ಸಮವಾಗಿದ್ದವು. ಆರನೆಯದನ್ನು ಭಾರತದ ನವೊರೆಮ್ ಮಹೇಶ್ ಸಿಂಗ್ ಬಲೆಗೆ ಸೇರಿಸಿದರು. ಬಳಿಕ ಕುವೈತ್ ನಾಯಕ ಖಾಲಿದ್ ಹಾಜಿಯಾ ಚೆಂಡನ್ನು ಚುಕ್ಕೆಯ ಮೇಲಿಟ್ಟು ಹಿಂದೆ ಸರಿದು, ಓಡಿ ಬಂದು ಒದ್ದರು. ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಅಷ್ಟುದ್ದದ ಮೈಯನ್ನು ಚೆಲ್ಲಿ ಹಾರಿ ಅದನ್ನು ತಡೆದರು. ಆ ಕ್ಷಣದಲ್ಲಿ ನನ್ನ ಪಕ್ಕದಲ್ಲಿದ್ದ, ಹೆಸರೂ ಗೊತ್ತಿಲ್ಲದ ಒಬ್ಬ ಹಿರಿಯರು ನನ್ನ ಎರಡೂ ಭುಜಗಳನ್ನು ಹಿಡಿದು ಅಲುಗಾಡಿಸಿದ್ದು ಇಂದಿಗೂ ನೆನಪಿದೆ.

ಭಾರತ ಅಂದು ಒಂಬತ್ತನೆಯ ಬಾರಿ ಈ ಕಪ್ ಗೆದ್ದಿತು. 1993ರಿಂದ 2023ರವರೆಗೆ ಈ ಟೂರ್ನಿ ಹದಿನಾಲ್ಕು ಬಾರಿ ನಡೆದಿದೆ. ಅದರಲ್ಲಿ ಒಂಬತ್ತು ನಮ್ಮವು, ಇನ್ನು ನಾಲ್ಕರಲ್ಲಿ ನಾವು ಎರಡನೆಯ ಸ್ಥಾನ ಪಡೆದಿದ್ದೇವೆ. ಅಂದರೆ ಒಂದು ಬಾರಿ ಬಿಟ್ಟು ಉಳಿದೆಲ್ಲ ಸಲವೂ ಮೊದಲ ಎರಡು ಸ್ಥಾನಗಳಲ್ಲಿ ನಮ್ಮ ಹೆಸರಿದೆ. ಈ ಲೆಕ್ಕವನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಹಾಗಾಗಿ ಈ ಸಂಜೆ ನಾನು ಉಳಿದ ಐದು ಕಪ್‌ಗಳ ಬಗ್ಗೆ, ನಾವು ಗೆಲ್ಲದ ವರ್ಷಗಳ ಬಗ್ಗೆ ಮಾತನಾಡಬೇಕೆಂದು ಬಂದಿದ್ದೇನೆ. ಈ ಪಂದ್ಯಾವಳಿ ದಕ್ಷಿಣ ಏಷ್ಯಾಕ್ಕೆ ಏನು ಕೊಟ್ಟಿದೆ ಎಂಬುದು ನಮ್ಮ ಗೆಲುವುಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ, ಆ ಐದು ವರ್ಷಗಳಲ್ಲಿ ಕಾಣುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಸ್ವಲ್ಪ ಇತಿಹಾಸ. 1993ರಲ್ಲಿ ಲಾಹೋರ್‌ನಲ್ಲಿ ಭಾರತ, ಪಾಕಿಸ್ತಾನ, ಶ್ರೀಲಂಕಾ, ನೇಪಾಳ ಈ ನಾಲ್ಕೇ ತಂಡಗಳೊಂದಿಗೆ, ಸಾರ್ಕ್ ಹೆಸರಿನಲ್ಲಿ ಇದು ಆರಂಭವಾಯಿತು. 1997ರಲ್ಲಿ ದಕ್ಷಿಣ ಏಷ್ಯಾ ಫುಟ್‌ಬಾಲ್ ಫೆಡರೇಷನ್ ಹುಟ್ಟಿತು; ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಸ್ಯಾಫ್. ಬಾಂಗ್ಲಾದೇಶ, ಭಾರತ, ಮಾಲ್ಡೀವ್ಸ್, ನೇಪಾಳ, ಪಾಕಿಸ್ತಾನ, ಶ್ರೀಲಂಕಾ ಸ್ಥಾಪಕ ಸದಸ್ಯರು. 2000ದಲ್ಲಿ ಭೂತಾನ್ ಸೇರಿತು, 2005ರಲ್ಲಿ ಅಫ್ಗಾನಿಸ್ತಾನ ಸೇರಿತು, ಹತ್ತು ವರ್ಷಗಳ ಬಳಿಕ ಅದು ಮಧ್ಯ ಏಷ್ಯಾದ ಒಕ್ಕೂಟಕ್ಕೆ ಹೋಯಿತು. ಇಲ್ಲಿ ಒಂದು ಸಂಗತಿಯನ್ನು ನಿಮ್ಮ ಗಮನಕ್ಕೆ ತರಲೇಬೇಕು. ಲಾಹೋರ್‌ನಲ್ಲಿ ನಡೆದ ಮೊದಲ ಕಪ್ಪನ್ನು ಗೆದ್ದದ್ದು ಭಾರತ. 2005ರಲ್ಲಿ ಕರಾಚಿಯಲ್ಲಿ ನಡೆದ ಫೈನಲ್‌ನಲ್ಲಿ ಬಾಂಗ್ಲಾದೇಶವನ್ನು 2–0ರಿಂದ ಸೋಲಿಸಿ ಕಪ್ ಎತ್ತಿದ್ದೂ ಭಾರತವೇ. ಕರಾಚಿಯ ಆ ಕ್ರೀಡಾಂಗಣ ಇರುವುದು ಲಿಯಾರಿಯಲ್ಲಿ. ಇಡೀ ನಗರ ಕ್ರಿಕೆಟ್ ಆಡುವಾಗಲೂ ಫುಟ್‌ಬಾಲನ್ನು ಬಿಡದ ದುಡಿಯುವ ಜನರ ಬಡಾವಣೆ ಅದು. ನಮ್ಮ ಹಲಸೂರಿನ ಗೌತಮಪುರವನ್ನು ಬಲ್ಲವರಿಗೆ ಲಿಯಾರಿಯನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಇಂದಿನ ಮನಃಸ್ಥಿತಿಯಲ್ಲಿ ನಿಂತು ನೋಡಿದರೆ ಭಾರತದ ತಂಡ ಪಾಕಿಸ್ತಾನದ ನೆಲದಲ್ಲಿ ಎರಡು ಬಾರಿ ಕಪ್ ಎತ್ತಿ, ಅಲ್ಲಿಂದ ಕ್ಷೇಮವಾಗಿ ಮನೆಗೆ ಬಂದಿತು ಎಂಬುದು ಎಷ್ಟು ದೂರದ ಮಾತಿನಂತೆ ಕೇಳಿಸುತ್ತದೆ ನೋಡಿ.

ಐದರಲ್ಲಿ ಮೊದಲನೆಯದು 1995ರ ಕೊಲಂಬೊ. ಆತಿಥೇಯ ಶ್ರೀಲಂಕಾ ಫೈನಲ್‌ನಲ್ಲಿ ಹೆಚ್ಚುವರಿ ಅವಧಿಯ ಒಂದೇ ಗೋಲಿನಿಂದ ಭಾರತವನ್ನು ಮಣಿಸಿತು. ಮರು ವರ್ಷ ಅದೇ ದೇಶ ಕ್ರಿಕೆಟ್ ವಿಶ್ವಕಪ್ ಗೆದ್ದ ಸಂಭ್ರಮದಲ್ಲಿ ಈ ಕಪ್ಪಿನ ನೆನಪು ಮಸುಕಾಯಿತು. ಶ್ರೀಲಂಕಾ ಮತ್ತೆಂದೂ ಇದನ್ನು ಗೆಲ್ಲಲಿಲ್ಲ.

ಎರಡನೆಯದು 2003ರ ಜನವರಿಯ ಢಾಕಾ. ಭಾರತ ಮೊದಲ ಎರಡು ಸ್ಥಾನಗಳಲ್ಲಿ ಇರದ ಏಕೈಕ ವರ್ಷ ಅದು. ಸೆಮಿಫೈನಲ್‌ನಲ್ಲಿ ಬಾಂಗ್ಲಾದೇಶ ಮತ್ತು ಭಾರತ 1–1ರಲ್ಲಿ ಸಮವಾಗಿ ನಿಂತವು. ಆಗಿನ್ನೂ ಗೋಲ್ಡನ್ ಗೋಲ್ ನಿಯಮ ಜಾರಿಯಲ್ಲಿತ್ತು. ಇಲ್ಲಿರುವ ಎಳೆಯರು ಅದನ್ನು ಕಂಡಿರಲಾರಿರಿ: ಹೆಚ್ಚುವರಿ ಅವಧಿಯಲ್ಲಿ ಯಾರು ಮೊದಲು ಗೋಲು ಹೊಡೆಯುತ್ತಾರೋ ಅವರೇ ಗೆದ್ದಂತೆ, ಆಟ ಅಲ್ಲಿಗೇ ಮುಗಿದಂತೆ, ಎದುರಾಳಿಗೆ ಉತ್ತರ ಕೊಡಲು ಒಂದು ನಿಮಿಷವೂ ಸಿಗುತ್ತಿರಲಿಲ್ಲ. ಮತಿಉರ್ ರಹಮಾನ್ ಮುನ್ನಾ ದೂರದಿಂದ ಒದ್ದ ಚೆಂಡು ಒಳಹೊಕ್ಕಿದ್ದೇ ತಡ, ಭಾರತದ ಆಟಗಾರರು ನಿಂತಲ್ಲೇ ಉಳಿದರು, ಢಾಕಾದ ಕ್ರೀಡಾಂಗಣ ಎದ್ದು ಕುಣಿಯಿತು. ಫೈನಲ್‌ನಲ್ಲಿ ಬಾಂಗ್ಲಾದೇಶ ಮಾಲ್ಡೀವ್ಸ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಕಪ್ ಪಡೆಯಿತು. ಪುರುಷರ ವಿಭಾಗದಲ್ಲಿ ಇಂದಿಗೂ ಅದೊಂದೇ ಬಾಂಗ್ಲಾದೇಶದ ಸ್ಯಾಫ್ ಕಪ್. ಇನ್ನೂ ಒಂದು ಮಾತಿದೆ: ಆ ಸೆಮಿಫೈನಲ್‌ನ ನಂತರ ಬಾಂಗ್ಲಾದೇಶದ ಪುರುಷರ ತಂಡ ಭಾರತವನ್ನು ಮತ್ತೊಮ್ಮೆ ಸೋಲಿಸಲು 2025ರ ನವೆಂಬರ್‌ವರೆಗೆ, ಹೆಚ್ಚುಕಡಿಮೆ ಇಪ್ಪತ್ತಮೂರು ವರ್ಷ ಕಾಯಬೇಕಾಯಿತು. ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ, ಅದೇ ಢಾಕಾದಲ್ಲಿ, 1–0. ಮುನ್ನಾ ಗೋಲು ಹೊಡೆದ ವರ್ಷ ಹುಟ್ಟಿಯೇ ಇರದ ಹುಡುಗರು ಅಂದು ಗ್ಯಾಲರಿಯಲ್ಲಿ ತುಂಬಿದ್ದರು. ಅವರಿಗೆ ಆ ಗೋಲಿನ ಕಥೆಯನ್ನು ಮನೆಯ ಹಿರಿಯರು ಹೇಳಿರದೆ ಇರುತ್ತಾರೆಯೇ?

ಮೂರನೆಯದೂ ಐದನೆಯದೂ ಮಾಲ್ಡೀವ್ಸ್‌ನದು. ಎರಡನ್ನೂ ಒಟ್ಟಿಗೆ ಹೇಳುತ್ತೇನೆ. ಇಡೀ ಮಾಲ್ಡೀವ್ಸ್‌ನ ಜನಸಂಖ್ಯೆ ಐದು ಲಕ್ಷದ ಆಸುಪಾಸು. ಸುಮಾರು ಹನ್ನೆರಡು ನೂರು ದ್ವೀಪಗಳಿದ್ದರೂ ಜನವಸತಿ ಇರುವುದು ಇನ್ನೂರರೊಳಗಿನ ದ್ವೀಪಗಳಲ್ಲಿ ಮಾತ್ರ, ಎಲ್ಲವನ್ನೂ ಸೇರಿಸಿದರೂ ಒಣನೆಲ ಮುನ್ನೂರು ಚದರ ಕಿಲೋಮೀಟರಿನಷ್ಟೇ. ರಾಜಧಾನಿ ಮಾಲೆಯಲ್ಲಿ ಮನೆಗಳು ಒಂದಕ್ಕೊಂದು ಒತ್ತಿಕೊಂಡಿವೆ; ಅಂಥ ಕಡೆ ಪೂರ್ಣ ಅಳತೆಯ ಒಂದು ಫುಟ್‌ಬಾಲ್ ಮೈದಾನವನ್ನು ಬಿಟ್ಟುಕೊಡುವುದೆಂದರೆ ಒಂದು ಬೀದಿಯಷ್ಟು ಮನೆಗಳನ್ನು ಬಿಟ್ಟುಕೊಟ್ಟಂತೆ. ಹಾಗೆ ಬಿಟ್ಟುಕೊಟ್ಟ ಜನ ಅವರು. 1997ರ ಫೈನಲ್‌ನಲ್ಲಿ ಭಾರತದೆದುರು 5–1ರಿಂದ ಸೋತರು, 2003ರಲ್ಲಿ ಪೆನಾಲ್ಟಿಯಲ್ಲಿ ಸೋತರು, 2008ರಲ್ಲಿ ಕೊಲಂಬೊದಲ್ಲಿ ಮತ್ತೆ ಭಾರತವೇ ಎದುರಾದಾಗ ಪಂದ್ಯದ ಕೊನೆಯ ನಿಮಿಷಗಳಲ್ಲಿ ಮುಖ್ತಾರ್ ನಸೀರ್ ಹೊಡೆದ ಗೋಲಿನಿಂದ 1–0ರಲ್ಲಿ ಗೆದ್ದರು. ನಮ್ಮ ಒಂದು ಮಧ್ಯಮ ಗಾತ್ರದ ನಗರಕ್ಕಿಂತ ಚಿಕ್ಕದಾದ ದೇಶ ನೂರು ಕೋಟಿ ಮೀರಿದ ದೇಶವನ್ನು ಫೈನಲ್‌ನಲ್ಲಿ ಸೋಲಿಸಿತು. ಇಂಥದ್ದು ಹನ್ನೊಂದು ಜನರ ಆಟದಲ್ಲಿ ಸಾಧ್ಯವಾಗುತ್ತದೆ, ಅದರಲ್ಲೂ ಫುಟ್‌ಬಾಲ್‌ನಲ್ಲಿ ಹೆಚ್ಚು ಸಾಧ್ಯವಾಗುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಹತ್ತು ವರ್ಷಗಳ ಬಳಿಕ, 2018ರಲ್ಲಿ ಢಾಕಾದಲ್ಲಿ ನಡೆದದ್ದು ಇನ್ನೂ ವಿಚಿತ್ರ. ಗುಂಪಿನಲ್ಲಿ ಇದ್ದದ್ದು ಮೂರೇ ತಂಡಗಳು: ಭಾರತ, ಮಾಲ್ಡೀವ್ಸ್, ಶ್ರೀಲಂಕಾ. ಭಾರತ ಇಬ್ಬರನ್ನೂ 2–0ರಿಂದ ಸೋಲಿಸಿತು. ಮಾಲ್ಡೀವ್ಸ್ ಮತ್ತು ಶ್ರೀಲಂಕಾ ನಡುವಿನ ಪಂದ್ಯ ಗೋಲಿಲ್ಲದೆ ಮುಗಿದಿತ್ತು. ಈಗ ಆ ಎರಡು ತಂಡಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿ: ಇಬ್ಬರಿಗೂ ಒಂದೊಂದು ಅಂಕ, ಇಬ್ಬರೂ ಹೊಡೆದ ಗೋಲು ಸೊನ್ನೆ, ಇಬ್ಬರೂ ಬಿಟ್ಟುಕೊಟ್ಟ ಗೋಲು ಎರಡು. ಪರಸ್ಪರ ಆಡಿದ ಪಂದ್ಯವೂ ಡ್ರಾ. ಬೇರ್ಪಡಿಸಲು ಯಾವ ಅಂಕಿಯೂ ಉಳಿಯದೆ ಕೊನೆಗೆ ನಾಣ್ಯ ಚಿಮ್ಮಿಸಲಾಯಿತು. ಅದು ಮಾಲ್ಡೀವ್ಸ್ ಕಡೆಗೆ ಬಿತ್ತು. ಒಂದು ಗೋಲನ್ನೂ ಹೊಡೆಯದೆ ಸೆಮಿಫೈನಲ್‌ಗೆ ಬಂದ ತಂಡ ಅಲ್ಲಿ ನೇಪಾಳವನ್ನು 3–0ರಿಂದ ಸೋಲಿಸಿತು. ಫೈನಲ್‌ನಲ್ಲಿ, ವಾರದ ಹಿಂದಷ್ಟೇ ತನ್ನನ್ನು ಸೋಲಿಸಿದ್ದ ಭಾರತವನ್ನು 2–1ರಿಂದ ಸೋಲಿಸಿ ಕಪ್ ಎತ್ತಿತು. ಆ ವರ್ಷ ಭಾರತ ಕಳುಹಿಸಿದ್ದು ಬಹುಪಾಲು 23 ವರ್ಷದೊಳಗಿನವರ ತಂಡವನ್ನು ಎಂಬುದು ನಿಜ. ಅದನ್ನು ಸಮಾಧಾನಕ್ಕೆ ಹೇಳಿಕೊಳ್ಳುವವರು ಬಹಳ. ಆದರೆ ಪಂದ್ಯಕ್ಕೆ ಯಾವ ತಂಡವನ್ನು ಕಳುಹಿಸಬೇಕೆಂದು ತೀರ್ಮಾನಿಸಿದವರು ನಾವೇ ಅಲ್ಲವೇ? ಮಾಲ್ಡೀವ್ಸ್ ಕೋಚ್ ಪೀಟರ್ ಸೆಗರ್ಟ್ ಅದಕ್ಕೆ ಮೊದಲು ಅಫ್ಗಾನಿಸ್ತಾನದ ತಂಡವನ್ನು ಫೈನಲ್‌ವರೆಗೆ ಕರೆತಂದು, ತಿರುವನಂತಪುರದಲ್ಲಿ ಹೆಚ್ಚುವರಿ ಅವಧಿಯಲ್ಲಿ ಭಾರತದೆದುರು ಸೋತು ಹೋಗಿದ್ದವರು. ಮೂರು ವರ್ಷದೊಳಗೆ ಬೇರೊಂದು ಪುಟ್ಟ ದೇಶದ ತಂಡದೊಂದಿಗೆ ಬಂದು ಅವರು ಆ ಬಾಕಿ ತೀರಿಸಿದರು.

ಇನ್ನು ನಾಲ್ಕನೆಯದು, 2013ರ ಕಠ್ಮಂಡು. ಐದು ಕಪ್‌ಗಳಲ್ಲಿ ನನಗೆ ಅತಿ ಹತ್ತಿರವಾದದ್ದು ಇದೇ. ಸ್ವಲ್ಪ ನಿಧಾನವಾಗಿ ಹೇಳಲು ಅವಕಾಶ ಕೊಡಿ.

2011ರಲ್ಲಿ ದೆಹಲಿಯ ಫೈನಲ್‌ನಲ್ಲಿ ಭಾರತ ಅಫ್ಗಾನಿಸ್ತಾನವನ್ನು 4–0ರಿಂದ ಸೋಲಿಸಿತ್ತು. ಸುನಿಲ್ ಚೆಟ್ರಿ ಆ ಟೂರ್ನಿಯಲ್ಲಿ ಏಳು ಗೋಲು ಹೊಡೆದಿದ್ದರು. ಅಫ್ಗಾನ್ ತಂಡದ ಹಲವರು ಯುದ್ಧದ ಕಾಲದಲ್ಲಿ ದೇಶ ಬಿಟ್ಟ ಕುಟುಂಬಗಳ ಮಕ್ಕಳು. ಜರ್ಮನಿಯ ಕೆಳ ದರ್ಜೆಯ ಲೀಗ್‌ಗಳಲ್ಲಿ ಆಡುತ್ತಾ ಬೆಳೆದವರು. ಉಳಿದವರು ಕಾಬೂಲಿನಲ್ಲೇ ಬೆಳೆದವರು. 2013ರ ಆಗಸ್ಟ್ 20ರಂದು ಅವರು ಪಾಕಿಸ್ತಾನವನ್ನು ಕಾಬೂಲಿಗೆ ಕರೆಸಿ ಒಂದು ಸ್ನೇಹಪರ ಪಂದ್ಯ ಆಡಿ 3–0ರಿಂದ ಗೆದ್ದರು. ಕಾಬೂಲಿನಲ್ಲಿ ಹತ್ತು ವರ್ಷಗಳ ನಂತರ ನಡೆದ ಮೊದಲ ಅಂತರರಾಷ್ಟ್ರೀಯ ಪಂದ್ಯ ಅದು. ಅದಾದ ಮೂರೇ ವಾರಗಳಲ್ಲಿ ಕಠ್ಮಂಡುವಿನ ದಶರಥ ರಂಗಶಾಲಾದಲ್ಲಿ ಆತಿಥೇಯ ನೇಪಾಳದ ವಿರುದ್ಧ ಸೆಮಿಫೈನಲ್.

ನೇಪಾಳ ಗುಂಪು ಹಂತದಲ್ಲಿ ಭಾರತವನ್ನೇ 2–1ರಿಂದ ಸೋಲಿಸಿತ್ತು. ಇಡೀ ಊರು ಕ್ರೀಡಾಂಗಣದತ್ತ ಹರಿದು ಬಂದಿತ್ತು. ಅಫ್ಗಾನಿಸ್ತಾನ ಒಂದು ಗೋಲಿನ ಮುನ್ನಡೆ ಪಡೆಯಿತು. ಆಮೇಲೆ ನೇಪಾಳಕ್ಕೆ ಪೆನಾಲ್ಟಿ ಸಿಕ್ಕಿತು. ಗೋಲ್‌ಕೀಪರ್ ಮನ್ಸೂರ್ ಫಕೀರ್‌ಯಾರ್ ಅದನ್ನು ತಡೆದರು. ಮತ್ತೊಂದು ಪೆನಾಲ್ಟಿ ಸಿಕ್ಕಿತು, ಅದನ್ನೂ ತಡೆದರು. ಪೆನಾಲ್ಟಿಯೆಂದರೆ ಹನ್ನೊಂದು ಮೀಟರ್ ದೂರ. ಚೆಂಡು ಹೊರಟ ಮೇಲೆ ನೋಡಿ ಹಾರಲು ಮನುಷ್ಯನ ಕಣ್ಣಿಗೂ ಕಾಲಿಗೂ ಸಮಯ ಸಾಲುವುದಿಲ್ಲ. ಒದೆಯುವವನ ನಡಿಗೆ, ಸೊಂಟ, ಊರಿದ ಕಾಲಿನ ದಿಕ್ಕು ನೋಡಿ ಮೊದಲೇ ಊಹಿಸಿ ಹಾರಬೇಕು. ಒಂದೇ ಪಂದ್ಯದಲ್ಲಿ, ತುಂಬಿದ ಎದುರಾಳಿ ಗ್ಯಾಲರಿಯ ಮುಂದೆ, ಎರಡು ಬಾರಿ ಸರಿಯಾಗಿ ಊಹಿಸುವುದೆಂದರೆ ಏನೆಂದು ಗೋಲಿನ ಕೆಳಗೆ ಒಮ್ಮೆಯಾದರೂ ನಿಂತವರಿಗೆ ಗೊತ್ತು. ಸೆಪ್ಟೆಂಬರ್ 11ರ ಫೈನಲ್‌ನಲ್ಲಿ ಅಫ್ಗಾನಿಸ್ತಾನ ಭಾರತವನ್ನು 2–0ರಿಂದ ಸೋಲಿಸಿತು. ಆ ದೇಶದ ಫುಟ್‌ಬಾಲ್‌ಗೆ ದಕ್ಕಿದ ಮೊದಲ ಅಂತರರಾಷ್ಟ್ರೀಯ ಕಪ್ ಅದು. ಕಾಬೂಲಿನ ಬೀದಿಗಳಲ್ಲಿ ರಾತ್ರಿಯೆಲ್ಲ ಜನ ಕುಣಿದರು. ಗಾಳಿಯಲ್ಲಿ ಹಾರಿಸಿದ ಗುಂಡುಗಳು ಒಮ್ಮೆಯಾದರೂ ಸಂಭ್ರಮಕ್ಕಾಗಿ ಹಾರಿದವು. ಆ ವರ್ಷದ ಫಿಫಾ ಫೇರ್ ಪ್ಲೇ ಪ್ರಶಸ್ತಿಯೂ ಅಫ್ಗಾನಿಸ್ತಾನದ ಫುಟ್‌ಬಾಲ್ ಸಂಸ್ಥೆಗೆ ಹೋಯಿತು.

ಭಾರತೀಯ ಪ್ರೇಕ್ಷಕನಾಗಿ ಆ ಫೈನಲ್ ನೋಡಿದಾಗ ನನಗೆ ಬೇಸರವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಾಬೂಲಿನ ಬೀದಿಗಳ ಚಿತ್ರಗಳನ್ನು ಮರುದಿನ ಪತ್ರಿಕೆಯಲ್ಲಿ ನೋಡಿದಾಗ, ನಾವು ಆ ಕಪ್ ಗೆದ್ದಿದ್ದರೆ ನಮ್ಮ ಯಾವ ಬೀದಿಯಲ್ಲಿ ಯಾರು ಕುಣಿಯುತ್ತಿದ್ದರು ಎಂದು ನನ್ನನ್ನೇ ಕೇಳಿಕೊಂಡೆ. ಈ ಉಪನ್ಯಾಸದ ಯೋಚನೆ ಹುಟ್ಟಿದ್ದು ಅಲ್ಲಿಂದ.

ಈಗ, ಫುಟ್‌ಬಾಲ್‌ನಲ್ಲಿ ದುರ್ಬಲ ತಂಡ ಗೆಲ್ಲುವುದು ಯಾಕೆ ಹೆಚ್ಚು ಸಾಧ್ಯ ಎಂದು ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಕಾರಣ ಸರಳವಾಗಿದೆ: ಈ ಆಟದಲ್ಲಿ ಗೋಲುಗಳು ಅಪರೂಪ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಪಂದ್ಯದಲ್ಲಿ ನೂರಾರು ಪ್ರಯತ್ನಗಳು ನಡೆಯುತ್ತವೆ, ಮೇಲುಗೈ ಇರುವ ತಂಡದ ಮೇಲುಗೈ ಅಷ್ಟರಲ್ಲಿ ತಾನಾಗಿಯೇ ಲೆಕ್ಕಕ್ಕೆ ಬಂದುಬಿಡುತ್ತದೆ. ಫುಟ್‌ಬಾಲ್‌ನಲ್ಲಿ ತೊಂಬತ್ತು ನಿಮಿಷಕ್ಕೆ ಎರಡೋ ಮೂರೋ ಗೋಲು. ಹತ್ತು ಜನ ತಮ್ಮ ಗೋಲಿನ ಮುಂದೆ ಎರಡು ಸಾಲಾಗಿ ನಿಂತು, ಸಾಲುಗಳ ನಡುವೆ ಜಾಗ ಬಿಡದೆ, ಎಂಬತ್ತು ನಿಮಿಷ ತಾಳ್ಮೆ ಕಳೆದುಕೊಳ್ಳದಿದ್ದರೆ, ಒಂದು ಫ್ರೀಕಿಕ್ ಅಥವಾ ಒಂದು ದಿಢೀರ್ ಓಟ ಪಂದ್ಯವನ್ನು ತೀರ್ಮಾನಿಸಿಬಿಡಬಹುದು. ಆದರೆ ಹಾಗೆ ನಿಲ್ಲುವುದನ್ನು ಯಾರೂ ಅಭ್ಯಾಸದ ಮೈದಾನದಲ್ಲಿ ಪೂರ್ತಿ ಕಲಿಯಲಾರರು. ಸೋತರೆ ಮನೆಗೆ ಹೋಗಬೇಕಾದ ಪಂದ್ಯಗಳಲ್ಲೇ ಅದನ್ನು ಕಲಿಯಬೇಕು. ಭೂತಾನ್, ಮಾಲ್ಡೀವ್ಸ್, ನೇಪಾಳಗಳಿಗೆ ಅಂಥ ಪಂದ್ಯಗಳು ವರ್ಷಕ್ಕೆ ಎಷ್ಟು ಸಿಗುತ್ತವೆ? ವಿಶ್ವಕಪ್ ಅರ್ಹತೆಯ ಮೊದಲ ಸುತ್ತಿನಲ್ಲಿ ಎರಡು ಪಂದ್ಯ ಸೋತರೆ ಅಲ್ಲಿಗೆ ಮುಗಿಯಿತು. ಜಪಾನ್ ಅಥವಾ ಇರಾನ್ ಎದುರು ಏಳೆಂಟು ಗೋಲುಗಳಿಂದ ಸೋತು ಬಂದ ತಂಡ ಅದರಿಂದ ಕಲಿಯುವುದು ಕಡಿಮೆ. ತನಗಿಂತ ಸ್ವಲ್ಪವೇ ಮೇಲಿರುವ ನೆರೆಯವರೊಡನೆ ಆಡಿ ಒಂದು ಗೋಲಿನಿಂದ ಸೋತಾಗ ಕಲಿಯುವುದು ಬಹಳ.

ಭೂತಾನನ್ನೇ ನೋಡಿ. 2008ರಲ್ಲಿ ಅದು ಸ್ಯಾಫ್ ಸೆಮಿಫೈನಲ್‌ಗೆ ಬಂದು ಭಾರತವನ್ನು ಹೆಚ್ಚುವರಿ ಅವಧಿಯವರೆಗೆ ಎಳೆದುಕೊಂಡು ಹೋಗಿ 2–1ರಿಂದ ಸೋತಿತು. 2015ರ ಮಾರ್ಚ್‌ನಲ್ಲಿ ಫಿಫಾ ಪಟ್ಟಿಯ ಕಟ್ಟಕಡೆಯ ಸ್ಥಾನದಲ್ಲಿದ್ದಾಗ, ಮೊದಲ ಬಾರಿಗೆ ವಿಶ್ವಕಪ್ ಅರ್ಹತಾ ಪಂದ್ಯ ಆಡುತ್ತಾ, ಶ್ರೀಲಂಕಾವನ್ನು ಕೊಲಂಬೊದಲ್ಲೂ ಥಿಂಪುವಿನಲ್ಲೂ ಸೋಲಿಸಿತು. ಥಿಂಪುವಿನ ಪಂದ್ಯದ ಎರಡೂ ಗೋಲುಗಳನ್ನು ಹೊಡೆದ ಚೆಂಚೊ ಗ್ಯೆಲ್ತ್‌ಶೆನ್ ಮುಂದೆ ಬೆಂಗಳೂರು ಎಫ್‌ಸಿ ಅಂಗಿ ತೊಟ್ಟು ಇದೇ ಕಂಠೀರವದಲ್ಲಿ ಆಡಿದರು. ನೆರೆಹೊರೆಯ ಟೂರ್ನಿಯಿಂದ ಬೆಳೆದ ಆಟಗಾರ ನೆರೆಯ ದೇಶದ ಲೀಗ್‌ನಲ್ಲಿ ದುಡಿಯುವುದು ನನಗೆ ಅತ್ಯಂತ ಸಹಜವೆನ್ನಿಸುತ್ತದೆ. ಇದು ಇನ್ನೂ ಹೆಚ್ಚಬೇಕು.

ಚೆಟ್ರಿಯವರ ವಿಷಯದಲ್ಲೂ ಇದೇ ಕಥೆಯಿದೆ. 2005ರ ಜೂನ್‌ನಲ್ಲಿ ಕ್ವೆಟ್ಟಾದಲ್ಲಿ, ಪಾಕಿಸ್ತಾನದ ವಿರುದ್ಧದ ಸ್ನೇಹಪರ ಸರಣಿಯಲ್ಲಿ, ಅವರು ಭಾರತದ ಪರ ಮೊದಲ ಪಂದ್ಯ ಆಡಿದರು, ಮೊದಲ ಗೋಲನ್ನೂ ಹೊಡೆದರು. ಹದಿನೆಂಟು ವರ್ಷಗಳ ಬಳಿಕ, 2023ರ ಜೂನ್ 21ರಂದು, ಮಳೆಯಲ್ಲಿ ತೊಯ್ದ ಕಂಠೀರವದಲ್ಲಿ ಅದೇ ಪಾಕಿಸ್ತಾನದೆದುರು ಹ್ಯಾಟ್ರಿಕ್ ಹೊಡೆದರು. ಭಾರತ 4–0ರಿಂದ ಗೆದ್ದಿತು. ಆ ಪಂದ್ಯದ ಬಗ್ಗೆ ಹೆಮ್ಮೆಪಡುವ ಮೊದಲು ಒಂದು ವಿಷಯ ತಿಳಿದಿರಲಿ: ವೀಸಾ ತಡವಾದ ಕಾರಣ ಮಾರಿಷಸ್‌ನಲ್ಲಿ ಕಾಯುತ್ತಿದ್ದ ಪಾಕಿಸ್ತಾನದ ತಂಡ ಬೆಂಗಳೂರಿಗೆ ಬಂದು ಇಳಿದದ್ದು ಪಂದ್ಯದ ದಿನವೇ. ಆ ಸಂಜೆಯೇ ಅವರು ಮೈದಾನಕ್ಕಿಳಿದರು. ಒಂದು ದಿನದ ಅಭ್ಯಾಸವಿಲ್ಲ, ನೆಲದ ಪರಿಚಯವಿಲ್ಲ, ನಿದ್ರೆಯಿಲ್ಲ. ಎರಡು ದಿನ ಮೊದಲೇ ಬಂದಿದ್ದರೂ ಭಾರತವೇ ಗೆಲ್ಲುತ್ತಿತ್ತು ಎಂದು ನಾನು ಭಾವಿಸುತ್ತೇನೆ; ಆದರೆ ಮನೆಗೆ ಕರೆದವರನ್ನು ಬಾಗಿಲಲ್ಲಿ ಅಷ್ಟು ಹೊತ್ತು ನಿಲ್ಲಿಸಬಾರದು.

ಈ ಟೂರ್ನಿ ಎಷ್ಟು ನಾಜೂಕಾದ ದಾರದ ಮೇಲೆ ನಡೆಯುತ್ತಿದೆ ಎಂಬುದಕ್ಕೆ ವೀಸಾ ಒಂದು ಉದಾಹರಣೆ ಮಾತ್ರ. 2021ರಲ್ಲಿ ಮಾಲೆಯಲ್ಲಿ ಆಡಿದ್ದು ಐದೇ ತಂಡಗಳು. ಪಾಕಿಸ್ತಾನವನ್ನು ಫಿಫಾ ಅಮಾನತು ಮಾಡಿತ್ತು, ಭೂತಾನ್ ಕೊರೊನಾ ಕಾರಣಕ್ಕೆ ಹಿಂದೆ ಸರಿದಿತ್ತು. 2023ರಲ್ಲಿ ಪಾಕಿಸ್ತಾನ ಮರಳಿ ಬಂದಾಗ ಶ್ರೀಲಂಕಾ ಅಮಾನತಿನಲ್ಲಿತ್ತು. ಈ ಎರಡೂ ಅಮಾನತುಗಳಿಗೆ ಕಾರಣ ಸಂಸ್ಥೆಗಳ ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪ ಎಂಬುದು ಫಿಫಾದ ಆರೋಪ. ಬೇರೆಯವರತ್ತ ಬೆರಳು ತೋರುವ ಮುನ್ನ 2022ರ ಆಗಸ್ಟ್‌ನಲ್ಲಿ ನಮ್ಮ ಭಾರತೀಯ ಫುಟ್‌ಬಾಲ್ ಫೆಡರೇಷನ್ನೇ ಅಂಥದ್ದೇ ಕಾರಣಕ್ಕೆ ಹತ್ತು ಹನ್ನೊಂದು ದಿನ ಅಮಾನತಾಗಿತ್ತು ಎಂಬುದನ್ನು ನೆನೆಯೋಣ. ಆ ಹೊತ್ತಿಗೆ ಏಷ್ಯಾದ ಮಹಿಳಾ ಕ್ಲಬ್ ಟೂರ್ನಿಗಾಗಿ ತಾಷ್ಕೆಂಟ್ ತಲುಪಿದ್ದ ಗೋಕುಲಂ ಕೇರಳದ ಹುಡುಗಿಯರು ಒಂದು ಪಂದ್ಯವನ್ನೂ ಆಡದೆ ಮರಳಬೇಕಾಯಿತು. ಕಚೇರಿಯಲ್ಲಿ ನಡೆದ ಜಗಳಕ್ಕೆ ದಂಡ ಕಟ್ಟಿದವರು ಆಟಗಾರ್ತಿಯರು.

ತಂಡಗಳ ಸಂಖ್ಯೆ ತುಂಬಲು 2023ರಲ್ಲಿ ಕುವೈತ್ ಮತ್ತು ಲೆಬನಾನನ್ನು ಅತಿಥಿಗಳಾಗಿ ಕರೆಯಲಾಯಿತು. ಆಟದ ಮಟ್ಟ ಏರಿತು, ಭಾರತಕ್ಕೆ ಸೆಮಿಫೈನಲ್‌ನಲ್ಲೂ ಫೈನಲ್‌ನಲ್ಲೂ ಪೆನಾಲ್ಟಿಯವರೆಗೆ ಹೋಗುವ ಕಠಿಣ ಪಂದ್ಯಗಳು ಸಿಕ್ಕವು ಎಂಬುದನ್ನು ಒಪ್ಪುತ್ತೇನೆ. ಆದರೂ ಆ ನಿರ್ಧಾರದ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ಹದಿನಾಲ್ಕು ವರ್ಷಗಳ ನಂತರ ಸೆಮಿಫೈನಲ್ ತಲುಪಿದ್ದ ಬಾಂಗ್ಲಾದೇಶ ಅಲ್ಲಿ ಕುವೈತ್‌ಗೆ ಹೆಚ್ಚುವರಿ ಅವಧಿಯಲ್ಲಿ 1–0ರಿಂದ ಸೋತಿತು. ಆ ತಂಡಕ್ಕೆ ಅಂದು ಎದುರಾದದ್ದು ದಕ್ಷಿಣ ಏಷ್ಯಾದ ತಂಡವಾಗಿದ್ದರೆ ಫೈನಲ್‌ನಲ್ಲಿ ಭಾರತ–ಬಾಂಗ್ಲಾದೇಶ ನೋಡುತ್ತಿದ್ದೆವೇನೋ. ಅತಿಥಿಗಳನ್ನು ಕರೆಯಲಿ, ಆದರೆ ಮನೆಯವರ ಎಲೆ ಹಾಕಿದ ಮೇಲೆ ಕರೆಯಲಿ.

ಇಂಥ ಟೂರ್ನಿಗಳು ಹೇಗೆ ಸಾಯುತ್ತವೆ ಎಂಬುದಕ್ಕೆ ಇತಿಹಾಸದಲ್ಲಿ ಒಂದು ಸ್ಪಷ್ಟ ಉದಾಹರಣೆ ಇದೆ. ನೆರೆಯ ದೇಶಗಳ ನಡುವಿನ ಅತ್ಯಂತ ಹಳೆಯ ಫುಟ್‌ಬಾಲ್ ಟೂರ್ನಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ (ಮುಂದೆ ಉತ್ತರ ಐರ್ಲೆಂಡ್) ನಡುವಿನದು. 1883–84ರಲ್ಲಿ ಶುರುವಾಗಿ ಮಹಾಯುದ್ಧಗಳ ಬಿಡುವು ಬಿಟ್ಟರೆ ನೂರು ವರ್ಷ ನಡೆಯಿತು. 1980–81ರಲ್ಲಿ ಉತ್ತರ ಐರ್ಲೆಂಡ್‌ನ ರಾಜಧಾನಿ ಬೆಲ್ಫಾಸ್ಟ್‌ನ ಗಲಭೆಗಳ ಕಾರಣ ಇಂಗ್ಲೆಂಡ್ ಮತ್ತು ವೇಲ್ಸ್ ಅಲ್ಲಿಗೆ ಹೋಗಲು ಒಪ್ಪಲಿಲ್ಲ, ಆ ವರ್ಷ ಟೂರ್ನಿ ಅರ್ಧಕ್ಕೇ ನಿಂತಿತು. ಬಳಿಕ ದೊಡ್ಡ ತಂಡಗಳಾದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಮಗೆ ಇದಕ್ಕಿಂತ ಮೇಲಿನ ಎದುರಾಳಿಗಳು ಬೇಕೆಂದು ಹಿಂದೆ ಸರಿದವು. 1983–84ರ ಕೊನೆಯ ಟೂರ್ನಿಯಲ್ಲಿ ನಾಲ್ಕೂ ತಂಡಗಳು ತಲಾ ಮೂರು ಅಂಕ ಪಡೆದವು! ಗೋಲುಗಳ ಅಂತರದಲ್ಲಿ ಗೆದ್ದದ್ದು ನಾಲ್ವರಲ್ಲಿ ಅತಿ ಚಿಕ್ಕದಾದ ಉತ್ತರ ಐರ್ಲೆಂಡ್. ಕಪ್ ಇಂದಿಗೂ ಅವರ ಬಳಿಯೇ ಇದೆ, ಮತ್ತೆ ಆಡಿ ಗೆದ್ದುಕೊಳ್ಳಲು ಯಾರೂ ಬರಲಿಲ್ಲ. ಗಮನಿಸಿ: ನಾಲ್ಕು ತಂಡಗಳು ಅಂಕಗಳಲ್ಲಿ ಸಮಬಲದಲ್ಲಿದ್ದ ವರ್ಷವೇ ಅದನ್ನು ಮುಚ್ಚಲಾಯಿತು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಆಗ್ನೇಯ ಏಷ್ಯಾದಲ್ಲಿದೆ. 1996ರಲ್ಲಿ ಶುರುವಾದ ಆಸಿಯಾನ್ ಟೂರ್ನಿಯಲ್ಲಿ 2004ರಿಂದ ಸೆಮಿಫೈನಲ್ ಮತ್ತು ಫೈನಲ್‌ಗಳನ್ನು ಎರಡೂ ದೇಶಗಳ ನೆಲದಲ್ಲಿ ಒಂದೊಂದು ಪಂದ್ಯದಂತೆ ಆಡುವ ಪದ್ಧತಿ ತಂದರು, ಸಾಂಕ್ರಾಮಿಕದ ಕಾಲವೊಂದನ್ನು ಬಿಟ್ಟು ಅದನ್ನು ಉಳಿಸಿಕೊಂಡೂ ಬಂದಿದ್ದಾರೆ. ಹನೊಯ್‌ನಲ್ಲಿ ಒಂದು ರಾತ್ರಿ, ಬ್ಯಾಂಕಾಕ್‌ನಲ್ಲಿ ಇನ್ನೊಂದು ರಾತ್ರಿ. ಎರಡೂ ಕಡೆ ಕ್ರೀಡಾಂಗಣ ತುಂಬುತ್ತದೆ. ಸ್ಯಾಫ್ ಫೈನಲ್‌ನ ಒಂದು ಪಂದ್ಯ ಢಾಕಾದಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ ನಡೆದರೆ ಹೇಗಿರುತ್ತದೆ ಎಂದು ಊಹಿಸಿ. ಇಲ್ಲಿನ ನೇಪಾಳಿ ಪ್ರೇಕ್ಷಕರನ್ನು ನಾನು 2023ರಲ್ಲಿ ನೋಡಿದ್ದೇನೆ. ನಮ್ಮ ನಗರದ ಹೋಟೆಲುಗಳಲ್ಲಿ, ಕಾವಲು ಕೆಲಸದಲ್ಲಿ ದುಡಿಯುವ ಯುವಕರು ಪಾಳಿ ಬದಲಿಸಿಕೊಂಡು, ಹೆಗಲಿಗೆ ತ್ರಿಕೋನದ ಬಾವುಟ ಸುತ್ತಿಕೊಂಡು ಬಂದಿದ್ದರು. ವರ್ಷವಿಡೀ ಬೆಂಗಳೂರಿನಲ್ಲಿ ಬೇರೆಯವರ ಬಾಗಿಲು ಕಾಯುವವನಿಗೆ ಅದೊಂದು ಸಂಜೆ ತನ್ನ ದೇಶವೇ ಬಂದು ಕಣ್ಣೆದುರು ಆಡುತ್ತಿತ್ತು.

ಕೊನೆಯದಾಗಿ 2010ರಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ಶುರುವಾದ ಮಹಿಳೆಯರ ಸ್ಯಾಫ್ ಬಗ್ಗೆ ಹೇಳಲೇಬೇಕು. ಮೊದಲ ಐದು ಬಾರಿಯೂ ಭಾರತವೇ ಗೆದ್ದಿತು. 2022ರಲ್ಲಿ ಕಠ್ಮಂಡುವಿನಲ್ಲಿ ಬಾಂಗ್ಲಾದೇಶದ ಹುಡುಗಿಯರು ಫೈನಲ್‌ನಲ್ಲಿ ನೇಪಾಳವನ್ನು 3–1ರಿಂದ ಸೋಲಿಸಿ ಕಪ್ ಪಡೆದರು. ತಂಡದ ಹಲವರು ಮೈಮನ್‌ಸಿಂಗ್ ಜಿಲ್ಲೆಯ ಕಲಸಿಂದೂರ್ ಎಂಬ ಒಂದೇ ಹಳ್ಳಿಯವರು. ಪ್ರಾಥಮಿಕ ಶಾಲೆಯ ಹುಡುಗಿಯರ ಟೂರ್ನಿಯಿಂದ ಬೆಳಕಿಗೆ ಬಂದವರು. ಗೆದ್ದರೆ ಮೆರವಣಿಗೆಗೆ ಮೇಲ್ಛಾವಣಿಯಿಲ್ಲದ ಬಸ್ ಸಿಗದಿದ್ದರೂ ಚಿಂತೆಯಿಲ್ಲ ಎಂಬರ್ಥದ ಮಾತನ್ನು ಆಟಗಾರ್ತಿಯೊಬ್ಬರು ಫೈನಲ್‌ಗೆ ಮುನ್ನ ಬರೆದುಕೊಂಡಿದ್ದರು. ಅವರು ಗೆದ್ದು ಢಾಕಾಕ್ಕೆ ಬಂದಿಳಿಯುವಷ್ಟರಲ್ಲಿ ಸರ್ಕಾರಿ ಸಾರಿಗೆಯ ಒಂದು ಡಬಲ್ ಡೆಕರ್ ಬಸ್ಸಿನ ಮೇಲ್ಛಾವಣಿ ಕತ್ತರಿಸಿ ಸಿದ್ಧವಾಗಿತ್ತು. ವಿಮಾನ ನಿಲ್ದಾಣದಿಂದ ಹೊರಟ ಆ ಬಸ್ಸು ಜನಸಂದಣಿಯಲ್ಲಿ ತೆವಳುತ್ತಾ ನಗರ ದಾಟಲು ಗಂಟೆಗಟ್ಟಲೆ ಹಿಡಿಯಿತು. 2024ರಲ್ಲಿ ಅದೇ ಕಠ್ಮಂಡುವಿನಲ್ಲಿ ಅವರು ಮತ್ತೆ ಗೆದ್ದರು. ಮರುವರ್ಷ ಇತಿಹಾಸದಲ್ಲೇ ಮೊದಲ ಬಾರಿಗೆ ಮಹಿಳಾ ಏಷ್ಯನ್ ಕಪ್‌ಗೆ ಅರ್ಹತೆ ಪಡೆದರು. ನೆರೆಹೊರೆಯ ಕಪ್ ಗೆದ್ದವರು ಖಂಡದ ಮಟ್ಟಕ್ಕೆ ಹೇಗೆ ಏರುತ್ತಾರೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಆದರೆ ಆ ಎರಡೂ ಫೈನಲ್‌ಗಳಲ್ಲಿ ಸೋತ ತಂಡವನ್ನು ನೀವು ಗಮನಿಸಿದಿರಾ? ಎರಡರಲ್ಲೂ ನೇಪಾಳ. 2024ರವರೆಗಿನ ಏಳು ಟೂರ್ನಿಗಳಲ್ಲಿ ನೇಪಾಳದ ಮಹಿಳೆಯರು ಆರು ಬಾರಿ ಫೈನಲ್ ತಲುಪಿದ್ದಾರೆ, ಆರೂ ಬಾರಿ ಸೋತಿದ್ದಾರೆ. 2024ರ ಸೆಮಿಫೈನಲ್‌ನಲ್ಲಿ ಭಾರತದೆದುರು ಅವರ ಒಂದು ಗೋಲನ್ನು ರೆಫರಿ ಒಪ್ಪದೆ, ಆಟ ಒಂದು ಗಂಟೆಗೂ ಹೆಚ್ಚು ಕಾಲ ನಿಂತುಹೋಗಿತ್ತು. ಮತ್ತೆ ಶುರುವಾದಾಗ ಸಬಿತ್ರಾ ಭಂಡಾರಿ ಗೋಲು ಹೊಡೆದು ಸಮ ಮಾಡಿದರು, ಪೆನಾಲ್ಟಿಗಳಲ್ಲಿ ನೇಪಾಳ ಗೆದ್ದಿತು, ಮೂರು ದಿನಗಳ ನಂತರ ಫೈನಲ್‌ನಲ್ಲಿ 2–1ರಿಂದ ಸೋತಿತು. ಮರುದಿನ ಬೆಳಿಗ್ಗೆ ಅವರು ಮತ್ತೆ ಅಭ್ಯಾಸಕ್ಕೆ ಹೊರಡಲು ಬೂಟು ಕಟ್ಟಿಕೊಳ್ಳಬೇಕು ತಾನೇ. ಆ ಕಪ್ ಒಂದು ದಿನ ಕಠ್ಮಂಡುವಿನಲ್ಲಿ ಉಳಿಯುತ್ತದೆ. ಅಂದು ಎದುರಾಳಿ ಭಾರತವೇ ಆಗಿರಲಿ, ನಮ್ಮ ಅತ್ಯುತ್ತಮ ತಂಡವೇ ಆಡುತ್ತಿರಲಿ, ನಾನು ದಶರಥ ರಂಗಶಾಲಾದ ಯಾವುದಾದರೂ ಮೂಲೆಯಲ್ಲಿ ನಿಂತಿರಬೇಕೆಂದು ಆಸೆ.